ಮಗಳಿಗೆ ಅಲ್ಲಿ ಮತ, ಮಗನಿಗೆ ಇಲ್ಲಿ ಮತ: ಹೊರದೇಶದಲ್ಲಿರುವ ಕೊಡಗಿನವರ ರಾಜಕೀಯ ಬಲ ಎಷ್ಟು?

ಓದುಗರ ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರು. ಮಗಳು ಅಮೆರಿಕದ ಪೌರತ್ವ ಪಡೆದು ಅಲ್ಲೇ ನೆಲೆಸಿದ್ದಾಳೆ. ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಚುನಾವಣೆ ಬಂತೆಂದರೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಮಗಿಂತ ಅವರದೇ ಚರ್ಚೆ ಜೋರು. ಕೊಡಗಿನ ಬೇಡಿಕೆಗಳ ಬಗ್ಗೆ ಅಲ್ಲಿಂದಲೇ ಮನವಿ ಬರೆಯುತ್ತಾರೆ, ಸಹಿ ಸಂಗ್ರಹಿಸುತ್ತಾರೆ. ಹೀಗೆ ಹೊರಗಿರುವ ನಮ್ಮವರಿಗೆ ಇಲ್ಲಿನ ರಾಜಕೀಯದ ಮೇಲಾಗಲಿ, ಅಲ್ಲಿನ ಸರ್ಕಾರದ ಮೇಲಾಗಲಿ ನಿಜವಾದ ಪ್ರಭಾವ ಇದೆಯೇ? ಇಲ್ಲಿನ ಅಭ್ಯರ್ಥಿಗೆ ಅವರು ಹಣ ಕಳುಹಿಸಬಹುದೇ? ಊರಿನಲ್ಲಿ ಇಲ್ಲದವರು ಊರಿನ ವಿಷಯದಲ್ಲಿ ಇಷ್ಟೊಂದು ತಲೆಹಾಕುವುದು ಸರಿಯೇ?

ಉತ್ತರ:

ಮಾನ್ಯರೇ, ಉತ್ತರದ ಮುಕ್ಕಾಲು ಪಾಲು ನಿಮ್ಮ ಮನೆಯಲ್ಲೇ ಇದೆ. ಮಗಳು ಅಮೆರಿಕದ ಪ್ರಜೆ. ಅಲ್ಲಿನ ಅಧ್ಯಕ್ಷರಿಂದ ಹಿಡಿದು ಊರಿನ ಶಾಲಾ ಮಂಡಳಿಯವರೆಗೆ ಎಲ್ಲರನ್ನೂ ಆರಿಸುವ ಹಕ್ಕು ಅವರಿಗಿದೆ. ವಿರಾಜಪೇಟೆಯಲ್ಲಿ ಮಾತ್ರ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯನನ್ನು ಆರಿಸುವ ಹಕ್ಕೂ ಇಲ್ಲ. ಮಗನದು ಇದಕ್ಕೆ ತದ್ವಿರುದ್ಧ. ಕೊಲ್ಲಿ ರಾಷ್ಟ್ರಗಳಲ್ಲಿ ಎಷ್ಟೇ ವರ್ಷ ದುಡಿದರೂ ಸಾಮಾನ್ಯ ಉದ್ಯೋಗಿಗೆ ಪೌರತ್ವ ಸಿಗುವುದಿಲ್ಲ. ಅಲ್ಲಿನ ಸರ್ಕಾರವನ್ನು ಪ್ರಶ್ನಿಸಲು ಅವರಿಗೆ ಯಾವ ದಾರಿಯೂ ಇಲ್ಲ. ಆದರೆ ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆ, ಆದ್ದರಿಂದ ಇಲ್ಲಿ ಮತವಿದೆ. ಒಂದೇ ತಾಯಿಯ ಇಬ್ಬರು ಮಕ್ಕಳ ರಾಜಕೀಯ ಬಲ ಹೀಗೆ ಎರಡು ದಿಕ್ಕಿಗೆ ಹರಿದಿದೆ. ಆದ್ದರಿಂದ 'ಹೊರಗಿರುವ ನಮ್ಮವರು' ಎಂದು ಎಲ್ಲರನ್ನೂ ಒಟ್ಟುಗೂಡಿಸಿ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರದೇಶದಲ್ಲಿ ನೆಲೆಸಿದವರ ನಿಜವಾದ ಬಲ ಇರುವುದು ಅವರು ಈಗ ಬದುಕುತ್ತಿರುವ ದೇಶದಲ್ಲಿ. ಆ ಬಲವನ್ನು ಕೊಡಗಿನವರು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. ಇಲ್ಲಿ ಅವರ ಪ್ರಭಾವ ಇರುವುದು ಮತಯಂತ್ರದಲ್ಲಿ ಅಲ್ಲ, ಪಹಣಿಯಲ್ಲಿ.

ಮೊದಲು ಮತದ ವಿಚಾರ. ನಮ್ಮ ಸಂವಿಧಾನದ 9ನೇ ವಿಧಿಯೂ 1955ರ ಪೌರತ್ವ ಕಾಯ್ದೆಯೂ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ಹೋಗುತ್ತದೆ. ನಿಮ್ಮ ಮಗಳ ಬಳಿ ಇರಬಹುದಾದ ಒಸಿಐ ಕಾರ್ಡ್ ಹೆಸರಿಗೆ 'ಸಾಗರೋತ್ತರ ಭಾರತೀಯ ಪ್ರಜೆ' ಎಂದಿದ್ದರೂ ಅದು ಆಜೀವ ವೀಸಾ, ಪೌರತ್ವ ಅಲ್ಲ. ಆ ಕಾರ್ಡ್ ಇದ್ದವರು ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಾಂವಿಧಾನಿಕ ಹುದ್ದೆ ಹಿಡಿಯುವಂತಿಲ್ಲ.

ಮಗನಂಥವರಿಗೆ 2010ರ ತಿದ್ದುಪಡಿಯ ಮೂಲಕ ಜನಪ್ರತಿನಿಧಿ ಕಾಯ್ದೆಗೆ 20ಎ ಎಂಬ ಹೊಸ ಸೆಕ್ಷನ್ ಸೇರಿತು. ಕೆಲಸಕ್ಕೋ ಓದಿಗೋ ಹೊರದೇಶಕ್ಕೆ ಹೋಗಿ ಅಲ್ಲಿನ ಪೌರತ್ವ ಪಡೆಯದವರು ಪಾಸ್‌ಪೋರ್ಟ್‌ನಲ್ಲಿರುವ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಹಾಗೆ ಸೇರಿದವರ ಹೆಸರು ಪಟ್ಟಿಯ ಕೊನೆಯಲ್ಲಿ ಪ್ರತ್ಯೇಕ ಭಾಗದಲ್ಲಿ ಬರುತ್ತದೆ. ಗುರುತಿನ ಚೀಟಿ ಕೊಡುವುದಿಲ್ಲ. ಮೂಲ ಪಾಸ್‌ಪೋರ್ಟ್ ತೋರಿಸಿ ಮತಗಟ್ಟೆಯಲ್ಲಿ ಖುದ್ದಾಗಿ ಮತ ಹಾಕಬೇಕು. ಈ 'ಖುದ್ದಾಗಿ' ಎಂಬ ಷರತ್ತಿನಲ್ಲೇ ಇಡೀ ಹಕ್ಕು ಸಿಕ್ಕಿಹಾಕಿಕೊಂಡಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಸುಮಾರು 1.19 ಲಕ್ಷ ಸಾಗರೋತ್ತರ ಮತದಾರರು ನೋಂದಾಯಿಸಿಕೊಂಡಿದ್ದರು. ಮತ ಹಾಕಿದವರು ಮೂರು ಸಾವಿರಕ್ಕೂ ಕಡಿಮೆ. ಅವರಲ್ಲೂ ಹತ್ತಕ್ಕೆ ಒಂಬತ್ತು ಮಂದಿ ಕೇರಳದವರು. ಹೊರದೇಶಗಳಲ್ಲಿರುವ ಭಾರತೀಯರು ಮತ್ತು ಭಾರತೀಯ ಮೂಲದವರು ಒಟ್ಟಾರೆ ಮೂರೂವರೆ ಕೋಟಿ. ಆ ಸಂಖ್ಯೆಯ ಎದುರು ಈ ಮೂರು ಸಾವಿರವನ್ನು ಇಟ್ಟು ನೋಡಿ.

ಕೇರಳದವರು ಹೇಗೆ ಬಂದರು? ಅಲ್ಲಿನ ಪಕ್ಷಗಳಿಗೆ ಕೊಲ್ಲಿಯಲ್ಲಿ ದಶಕಗಳಿಂದ ಬೇರೂರಿದ ಸಂಘಟನೆಗಳಿವೆ. ಮುಸ್ಲಿಂ ಲೀಗಿನ ಜೊತೆ ಗುರುತಿಸಿಕೊಂಡ ಕೆಎಂಸಿಸಿಯಂಥವು ಮತದಾನಕ್ಕೆಂದೇ ಜನರನ್ನು ವಿಮಾನದಲ್ಲಿ ಕಳುಹಿಸಿಕೊಡುವ ವ್ಯವಸ್ಥೆ ಮಾಡುತ್ತವೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದ ಮೇಲೆ ಮಾಕುಟ್ಟ ಘಾಟಿ ಹತ್ತಿದರೆ ವಿರಾಜಪೇಟೆ. ನಾಪೋಕ್ಲು, ಸಿದ್ದಾಪುರ, ಸುಂಟಿಕೊಪ್ಪದ ಕಡೆಯಿಂದ ಕೊಲ್ಲಿಗೆ ಹೋದವರಿಗೆ ಪ್ರಯಾಣ ಮೊದಲಿನಷ್ಟು ದೂರವಲ್ಲ. ಆದರೂ ನಮ್ಮಲ್ಲಿ ಅಂಥ ಸಂಘಟನೆ ಬೆಳೆದಿಲ್ಲ. 2024ರ ಏಪ್ರಿಲ್ 26ರಂದು ಮೈಸೂರು-ಕೊಡಗು ಕ್ಷೇತ್ರದಲ್ಲಿ ಮತದಾನ ನಡೆದಾಗ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಕೊಡವ ಹಾಕಿ ಉತ್ಸವ ಕೊನೆಯ ಹಂತದಲ್ಲಿತ್ತು. 360 ಕುಟುಂಬಗಳ ತಂಡಗಳು ಆಡಿ ಗಿನ್ನೆಸ್ ದಾಖಲೆ ಬರೆದ ವರ್ಷ ಅದು. ಹಾಕಿಗೆಂದು ರಜೆ ಹಾಕಿ ಊರಿಗೆ ಬರುವವರು ಮೊದಲೇ ನೋಂದಾಯಿಸಿಕೊಂಡಿದ್ದರೆ ಅದೇ ರಜೆಯಲ್ಲಿ ಮತವನ್ನೂ ಹಾಕಬಹುದಿತ್ತು. ಕುಟುಂಬದ ಹಾಕಿ ತಂಡ ಕಟ್ಟಲು ನಾವು ತೋರುವ ಶ್ರದ್ಧೆಯಲ್ಲಿ ಸ್ವಲ್ಪವನ್ನಾದರೂ ಕುಟುಂಬದ ಮತದಾರರ ಪಟ್ಟಿ ಸರಿಪಡಿಸಲು ತೋರಬೇಕು ಎಂದು ಮನಸಾರೆ ಬಯಸುವವನು ನಾನು.

ಇಲ್ಲಿ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ಕೊಡಗಿನ ಮನೆಮನೆಯಲ್ಲೂ ಸೇನೆಯಲ್ಲಿ ಇರುವವರು, ಇದ್ದವರು ಇದ್ದಾರೆ. ಸೇವಾ ಮತದಾರರಾದ ಅವರಿಗೆ 2003ರಿಂದ ಪ್ರತಿನಿಧಿಯ ಮೂಲಕ ಮತ ಹಾಕಿಸುವ ಅವಕಾಶವಿದೆ. 2016ರ ನಂತರ ಮತಪತ್ರವನ್ನು ಗಣಕಜಾಲದ ಮೂಲಕವೇ ಕಳುಹಿಸುವ ವ್ಯವಸ್ಥೆಯೂ ಬಂದಿದೆ; ಮತಪತ್ರವನ್ನು ಮುದ್ರಿಸಿಕೊಂಡು ಗುರುತು ಹಾಕಿ ಅಂಚೆಯಲ್ಲಿ ಕಳುಹಿಸಿದರೆ ಸಾಕು. ಹಿಮಾಲಯದ ಗಡಿಯ ಯೋಧ, ರಾಯಭಾರ ಕಚೇರಿಯಲ್ಲಿರುವ ಸರ್ಕಾರಿ ನೌಕರ ಮಡಿಕೇರಿಗೆ ಬಾರದೆ ಮತ ಹಾಕಬಲ್ಲರು ಎಂದಾದರೆ, ಮಸ್ಕತ್‌ನ ಆಸ್ಪತ್ರೆಯಲ್ಲಿ ದುಡಿಯುವ ದಾದಿಗೆ ಅದೇ ಸೌಲಭ್ಯ ಏಕಿಲ್ಲ? ಪ್ರತಿನಿಧಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಯಿತು. ರಾಜ್ಯಸಭೆಯಲ್ಲಿ ಅಂಗೀಕಾರವಾಗುವ ಮೊದಲೇ ಲೋಕಸಭೆಯ ಅವಧಿ ಮುಗಿದು 2019ರಲ್ಲಿ ಬಿದ್ದುಹೋಯಿತು. ಸೇವಾ ಮತದಾರರ ವಿಧಾನವನ್ನೇ ಹೊರದೇಶದವರಿಗೂ ವಿಸ್ತರಿಸಬಹುದು ಎಂದು ಚುನಾವಣಾ ಆಯೋಗ 2020ರಲ್ಲಿ ಸರ್ಕಾರಕ್ಕೆ ಹೇಳಿತು. ಫ್ರಾನ್ಸ್ 2012ರಿಂದ ಹೊರದೇಶದ ತನ್ನ ಪ್ರಜೆಗಳಿಗೆಂದೇ ಸಂಸತ್ತಿನಲ್ಲಿ 11 ಸ್ಥಾನಗಳನ್ನು ಮೀಸಲಿಟ್ಟಿದೆ. ಇಟಲಿಯದೂ ಇಂಥದೇ ಕ್ರಮ. ನಾವು ಅಷ್ಟು ದೂರ ಹೋಗಬೇಕಿಲ್ಲ. ಸೈನಿಕನಿಗೆ ಕೊಟ್ಟದ್ದನ್ನು ದಾದಿಗೂ ಕೊಟ್ಟರೆ ಸಾಕು.

ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದವರದು ಬೇರೆಯೇ ಪ್ರಶ್ನೆ. ಕುಟುಂಬದ ಮೂಲ ಮನೆಯಾದ ಐನ್‌ಮನೆ ಊರಿನಲ್ಲಿದೆ, ತೋಟ ಇದೆ, ಆದ್ದರಿಂದ ಮತ ಇಲ್ಲೇ ಇರಲಿ ಎನ್ನುವವರು ಬಹಳ. ಕಾನೂನು ಹಾಗೆ ಹೇಳುವುದಿಲ್ಲ. ಒಂದು ಕ್ಷೇತ್ರದಲ್ಲಿ ಮನೆಯ ಒಡೆತನ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ. ಎರಡು ಕಡೆ ಹೆಸರಿರುವುದಂತೂ ಅಪರಾಧಕ್ಕೆ ದಾರಿ.

ಹಾಗಾದರೆ ಕೊಡಗಿನವರು ಹೊರಗಿನ ದನಿಗೆ ಇಷ್ಟು ಆಸೆಪಡುವುದೇಕೆ? ಒಳಗಿನ ದನಿ ಕುಗ್ಗುತ್ತಾ ಬಂದಿದೆ. 1950ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯ. 1952ರಿಂದ 24 ಸದಸ್ಯರ ಸ್ವಂತ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಕ್ಷೇತ್ರ ಮರುವಿಂಗಡಣೆಯಾಗುವವರೆಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಸ್ಥಾನಗಳಿದ್ದವು. 2008ರಿಂದ ಎರಡೇ. 224 ಸದಸ್ಯರ ಸದನದಲ್ಲಿ ಇಬ್ಬರು. ಲೋಕಸಭೆಯಲ್ಲಿ ಮೊದಲು ಮಂಗಳೂರಿನ ಜೊತೆಗಿದ್ದೆವು, ಈಗ ಮೈಸೂರಿನ ಜೊತೆಗಿದ್ದೇವೆ. 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷ ಜನರಿರುವ ಜಿಲ್ಲೆ ಇದಕ್ಕಿಂತ ಹೆಚ್ಚು ಸ್ಥಾನ ಕೇಳುವುದು ಕಷ್ಟ. ಬುಡಕಟ್ಟು ಸ್ಥಾನಮಾನ, ಸ್ವಾಯತ್ತತೆ, ಭಾಷೆಯ ಮಾನ್ಯತೆ ಇಂಥ ಬೇಡಿಕೆಗಳನ್ನು ಹೊತ್ತವರು ದೆಹಲಿ, ಜಿನೀವಾ, ಕ್ಯಾಲಿಫೋರ್ನಿಯಾದ ಕಡೆ ನೋಡುವುದು ಈ ಕಾರಣಕ್ಕೇ.

ಕೊಡಗಿನಿಂದ ಹೊರಗೆ ಹೋಗಿ ರಾಜಕೀಯ ಮಾಡಲು ಯತ್ನಿಸಿದವರಲ್ಲಿ ಮೊದಲಿಗರು ನಮ್ಮ ಕೊನೆಯ ಅರಸ ಚಿಕ್ಕವೀರರಾಜೇಂದ್ರ. 1834ರಲ್ಲಿ ಪದಚ್ಯುತರಾಗಿ ಕಾಶಿಗೆ ಹೋದ ಅವರು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ಈಸ್ಟ್ ಇಂಡಿಯಾ ಕಂಪನಿ ಹಿಡಿದಿಟ್ಟುಕೊಂಡ ಸಂಪತ್ತಿಗಾಗಿ ಲಂಡನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಗೌರಮ್ಮ ಕ್ರೈಸ್ತ ದೀಕ್ಷೆ ಪಡೆದಾಗ ಧರ್ಮಮಾತೆಯಾಗಿ ನಿಂತವರು ವಿಕ್ಟೋರಿಯಾ ರಾಣಿಯೇ. ಅರಮನೆಯ ಬಾಗಿಲವರೆಗೆ ಹೋದ ಆ ಪರಿಚಯವೂ ಫಲ ಕೊಡಲಿಲ್ಲ. 1859ರಲ್ಲಿ ಅರಸರು ಲಂಡನ್ನಿನಲ್ಲೇ ತೀರಿಕೊಂಡರು. ಅವರ ಹಿಂದೆ ಅಲ್ಲಿ ಮತ ಹಾಕುವ, ಪ್ರಶ್ನೆ ಕೇಳುವ ಒಂದು ಸಮುದಾಯ ಇರಲಿಲ್ಲ. ಅಲ್ಲಿಂದ ಮೂವತ್ತಮೂರು ವರ್ಷಗಳ ನಂತರ, 1892ರಲ್ಲಿ, ದಾದಾಭಾಯಿ ನವರೋಜಿ ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದಿಂದ ಕೇವಲ ಐದು ಮತಗಳ ಅಂತರದಲ್ಲಿ ಗೆದ್ದು ಬ್ರಿಟಿಷ್ ಸಂಸತ್ತಿನೊಳಗೇ ನಿಂತು ಭಾರತದ ಬಡತನದ ಲೆಕ್ಕ ಒಪ್ಪಿಸಿದರು. ಇಬ್ಬರ ನಡುವಿನ ವ್ಯತ್ಯಾಸ ಸ್ಥಳೀಯ ಮತದಾರರದು.

ಈಗ ಹತ್ತಿರದ ಒಂದು ನಿದರ್ಶನಕ್ಕೆ ಬರುತ್ತೇನೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡು ನೆಲದಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದರು. ನಾವು ಅಲ್ಲಿಗೆ ಚಿನ್ನದ ದೇವಾಲಯ ನೋಡಲು, ಮೊಮೊ ತಿನ್ನಲು ಹೋಗುತ್ತೇವೆ. ಅಲ್ಲಿ ಚುನಾವಣೆ ನಡೆಯುವುದನ್ನು ಗಮನಿಸಿದವರು ಕಡಿಮೆ. ಟಿಬೆಟಿನ ದೇಶಭ್ರಷ್ಟ ಆಡಳಿತದ ಮುಖ್ಯಸ್ಥ 'ಸಿಕ್ಯೋಂಗ್' ನೇರ ಮತದಿಂದ ಆರಿಸಿ ಬರುತ್ತಾರೆ; ದಲೈಲಾಮಾ 2011ರಲ್ಲಿ ರಾಜಕೀಯ ಅಧಿಕಾರವನ್ನು ಬಿಟ್ಟುಕೊಟ್ಟದ್ದು ಹೀಗೆ ಆರಿಸಿ ಬಂದವರಿಗೇ. 45 ಸ್ಥಾನಗಳ ಸಂಸತ್ತಿನಲ್ಲಿ ಉತ್ತರ ಅಮೆರಿಕ ಮತ್ತು ಯುರೋಪಿಗೆ ತಲಾ ಎರಡು, ಆಸ್ಟ್ರೇಲಿಯಾ ಹಾಗೂ ಏಷ್ಯಾದ ಉಳಿದ ಭಾಗಕ್ಕೆ ಒಂದು ಸ್ಥಾನವಿದೆ. ಒಂದು ಕೈಯಲ್ಲಿ ಜಪಮಣಿ ಎಣಿಸುತ್ತಾ ಇನ್ನೊಂದು ಕೈಯಲ್ಲಿ ಹಸಿರು ಪುಸ್ತಕ ಹಿಡಿದು ಸರತಿಯಲ್ಲಿ ನಿಲ್ಲುವ ಅಜ್ಜಿಯರಿಗೂ ಗೊತ್ತು: ವರ್ಷದ ವಂತಿಗೆ ಕಟ್ಟಿ ಅದರಲ್ಲಿ ಮುದ್ರೆ ಹಾಕಿಸಿಕೊಳ್ಳದಿದ್ದರೆ ಮತವಿಲ್ಲ. 2021ರಲ್ಲಿ ಆಯ್ಕೆಯಾದ ಸಿಕ್ಯೋಂಗ್ ಪೆನ್ಪಾ ಸೆರಿಂಗ್ ಇದೇ ಬೈಲಕುಪ್ಪೆಯಲ್ಲಿ ಓದಿ ಬೆಳೆದವರು.

ಆ ಸಮುದಾಯದ ಸಾಧನೆಯನ್ನೂ ಮಿತಿಯನ್ನೂ ನೋಡಿ. ಅಮೆರಿಕದಲ್ಲಿರುವ ಟಿಬೆಟಿಯನ್ನರು ಲಕ್ಷದ ಮಾತಿರಲಿ, ಕೆಲವೇ ಹತ್ತು ಸಾವಿರ. ಆದರೂ ಅಮೆರಿಕದ ಸಂಸತ್ತು 2002ರಲ್ಲಿ, 2020ರಲ್ಲಿ, ಮತ್ತೆ 2024ರಲ್ಲಿ ಟಿಬೆಟಿಗೆಂದೇ ಕಾಯ್ದೆಗಳನ್ನು ಮಾಡಿತು. ಅಮೆರಿಕಕ್ಕೆ ಚೀನಾದ ಜೊತೆಗಿನ ಪೈಪೋಟಿ ಇದಕ್ಕೆ ನೆರವಾಯಿತು ಎಂಬುದು ಸರಿ. ಆದರೆ ಬಾಗಿಲು ತೆರೆದಾಗ ಕಾಗದ ಹಿಡಿದು ನಿಂತಿದ್ದವರು ಅವರೇ. ಭಾರತದಲ್ಲಿ ಅವರ ಕಥೆ ಬೇರೆ. ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಭಾರತ 2003ರಲ್ಲಿ ಒಪ್ಪಿಕೊಂಡಿತು. ಇಲ್ಲಿನ ನಿರಾಶ್ರಿತರ ರಾಜಕೀಯ ಚಟುವಟಿಕೆಗೆ ಸರ್ಕಾರ ಒಂದು ಗೆರೆ ಎಳೆದಿದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಅಂಥವರನ್ನು ಪಟ್ಟಿಗೆ ಸೇರಿಸುವಂತೆ 2014ರಲ್ಲಿ ಚುನಾವಣಾ ಆಯೋಗ ಸೂಚಿಸಿತು. ಕೆಲವರು ಸೇರಿದರು. ಹಲವರು ಸೇರಲಿಲ್ಲ, ಭಾರತದ ಮತದಾರರಾದರೆ ತಾಯ್ನಾಡಿನ ಹೋರಾಟ ಸೊರಗೀತು ಎಂಬ ಅಳುಕು ಅವರಿಗೆ. ಇಷ್ಟೆಲ್ಲ ಆದರೂ ಲ್ಹಾಸಾದ ಆಡಳಿತದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಹೊರಗಿನವರು ನೆಲೆಸಿದ ದೇಶದ ಕಾನೂನನ್ನು ಬದಲಿಸಬಲ್ಲರು; ತಾಯ್ನಾಡಿನ ಅಧಿಕಾರವನ್ನು ಅಲುಗಾಡಿಸುವುದು ಅವರಿಂದ ಬಹುತೇಕ ಆಗದ ಕೆಲಸ.

ಭಾರತೀಯರ ಅನುಭವವೂ ಇದೇ. ಅಮೆರಿಕದ ಜೊತೆಗಿನ ಪರಮಾಣು ಒಪ್ಪಂದಕ್ಕೆ 2006ರಲ್ಲಿಯೂ 2008ರಲ್ಲಿಯೂ ಅಲ್ಲಿನ ಸಂಸತ್ತಿನ ಒಪ್ಪಿಗೆ ಬೇಕಾಗಿತ್ತು. ಭಾರತೀಯ ಮೂಲದ ಮತದಾರರು ತಮ್ಮ ತಮ್ಮ ಕ್ಷೇತ್ರದ ಪ್ರತಿನಿಧಿಗಳಿಗೆ ಪತ್ರ ಬರೆದರು, ಭೇಟಿಯಾದರು, ದೇಣಿಗೆ ಸಭೆಗಳಲ್ಲಿ ಅದೇ ಮಾತು ತೆಗೆದರು. ದೊಡ್ಡ ಕಂಪನಿಗಳ ಒತ್ತಡವೂ ಇತ್ತು. ಕೆಲಸ ಆಯಿತು. ಅಮೆರಿಕದಲ್ಲಿ ಕಾಯಂ ವಾಸದ ಅನುಮತಿಯಾದ ಹಸಿರು ಕಾರ್ಡಿನ ವಿಚಾರದಲ್ಲಿ ಆಗಲಿಲ್ಲ. ಯಾವ ದೇಶಕ್ಕೂ ಶೇಕಡ 7ಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿಯನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ ಭಾರಿ ಬಹುಮತದಿಂದ ಗೆದ್ದಿತು, ಅದರ ಇನ್ನೊಂದು ರೂಪ 2020ರ ಕೊನೆಗೆ ಮೇಲ್ಮನೆಯಲ್ಲೂ ಗೆದ್ದಿತು. ಎರಡೂ ಹೊಂದಿಕೆಯಾಗದೆ ಕಾಯ್ದೆ ಆಗಲೇ ಇಲ್ಲ. ಕಾದು ಕುಳಿತವರಲ್ಲಿ ಹೆಚ್ಚಿನವರು ಮತವಿಲ್ಲದವರು. ಬೇಡಿಕೆ ಇದ್ದವರ ಕೈಯಲ್ಲಿ ಮತ ಇರಲಿಲ್ಲ, ಮತ ಇದ್ದವರಿಗೆ ಆ ಬೇಡಿಕೆ ತುರ್ತಾಗಿ ಕಾಣಲಿಲ್ಲ.

ಕೊಡಗಿಗೆ ಇದರಿಂದ ಏನು ಲಾಭ? ಅಮೆರಿಕದ ಸಂಸತ್ ಸದಸ್ಯರಿಗೆ ಇಲ್ಲಿನ ವಂಶಪಾರಂಪರ್ಯ ಭೂಹಿಡುವಳಿಯಾದ ಜಮ್ಮಾ ಬಾಣೆಯ ಬಗ್ಗೆ ಮನವಿ ಕೊಟ್ಟರೆ ಏನೂ ಆಗುವುದಿಲ್ಲ. ಅದು ಬೆಂಗಳೂರಿನಲ್ಲಿ ತೀರ್ಮಾನವಾಗುವ ವಿಷಯ. ಆದರೆ ನಮ್ಮ ಬದುಕಿಗೆ ನೇರವಾಗಿ ತಟ್ಟುವ ಕೆಲವು ತೀರ್ಮಾನಗಳು ಹೊರದೇಶದಲ್ಲೇ ಆಗುತ್ತವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮವನ್ನೇ ತೆಗೆದುಕೊಳ್ಳಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ನಾಲ್ಕು ಹೆಕ್ಟೇರ್ ಮೀರಿದ ತೋಟವಾದರೆ ಅದರ ಗಡಿಯನ್ನು ಅಕ್ಷಾಂಶ ರೇಖಾಂಶಗಳ ಸಮೇತ ಗುರುತಿಸಿ ಕೊಡಬೇಕು. ಚಿಕ್ಕ ತೋಟಕ್ಕೆ ಒಂದು ಬಿಂದು ಸಾಕು. ಜಾರಿಯ ದಿನಾಂಕವನ್ನು ಒಂದಲ್ಲ, ಎರಡು ಸಲ ಮುಂದೂಡಿದ್ದಾರೆ. ನಮ್ಮ ದೇಶದ ಕಾಫಿಯಲ್ಲಿ ಬಹುಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ಕೊಡಗಿನ ಕ್ರಮ ಕಾಡು ಕಡಿದು ಬಯಲಿನಲ್ಲಿ ಬೆಳೆಯುವ ಕ್ರಮದಂತಲ್ಲ. ಪಹಣಿಯಲ್ಲಿ ಮನೆತನದ ಮುಖ್ಯಸ್ಥರಾದ ಪಟ್ಟೇದಾರರ ಹೆಸರಿದ್ದು ತೋಟವನ್ನು ಒಕ್ಕದ, ಅಂದರೆ ಆ ಮನೆತನದ, ನಾಲ್ಕಾರು ಕುಟುಂಬಗಳು ನೋಡಿಕೊಳ್ಳುವ ಜಾಗದಲ್ಲಿ ಒಡೆತನದ ಕಾಗದ ತೋರಿಸುವುದು ಎಷ್ಟು ಕಷ್ಟ ಎಂಬುದು ಬ್ರಸೆಲ್ಸ್‌ನಲ್ಲಿ ಕುಳಿತವರಿಗೆ ಹೇಗೆ ತಿಳಿಯಬೇಕು? ಜರ್ಮನಿಯ ಪೌರತ್ವ ಪಡೆದ ಕೊಡಗಿನ ಎಂಜಿನಿಯರ್ ಒಬ್ಬರು ತಮ್ಮ ಯುರೋಪಿಯನ್ ಸಂಸತ್ ಸದಸ್ಯರಿಗೆ ಇದನ್ನು ವಿವರಿಸಿ ಬರೆದರೆ, ಅದು ಒಬ್ಬ ಮತದಾರನ ಪತ್ರ. ನಮ್ಮ ಬೆಳೆಗಾರರ ಸಂಘ ಬರೆದರೆ ಅದು ಹೊರಗಿನವರ ಅರ್ಜಿ. ತೂಕದಲ್ಲಿ ಬಹಳ ವ್ಯತ್ಯಾಸ.

ಬ್ರಿಟನ್ನಿನಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಮಕ್ಕಳಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಕಾನೂನುಬದ್ಧವಾಗಿ ಅಲ್ಲಿ ವಾಸಿಸುತ್ತಿದ್ದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಐರ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಪೌರತ್ವವೇ ಬೇಕಿಲ್ಲ, ವಾಸ ಸಾಕು. ನ್ಯೂಜಿಲೆಂಡಿನಲ್ಲಿ ಕಾಯಂ ವಾಸದ ಅನುಮತಿ ಸಿಕ್ಕವರಿಗೆ ಮತವಿದೆ. ಎಷ್ಟೋ ಮಂದಿ ಇದನ್ನು ತಿಳಿಯದೆ ವರ್ಷಗಟ್ಟಲೆ ಕಳೆದುಬಿಡುತ್ತಾರೆ.

ಇನ್ನು ಪಹಣಿಯ ವಿಚಾರ. ಹೊರಗಿರುವವರ ಪ್ರಭಾವ ಕೊಡಗಿನಲ್ಲಿ ಗಟ್ಟಿಯಾಗಿ ಕಾಣುವುದು ಇಲ್ಲೇ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರಾಗಲಿ ಒಸಿಐ ಕಾರ್ಡ್ ಇದ್ದವರಾಗಲಿ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಹೀಗಾಗಿ ಒಕ್ಕದ ಆಸ್ತಿಯಲ್ಲಿ ಅವರ ಪಾಲು ಉಳಿಯುತ್ತದೆ, ಅವರ ಸಹಿ ಇಲ್ಲದೆ ಕೆಲಸ ನಡೆಯುವುದಿಲ್ಲ. ತೋಟದ ಒಂದು ಮೂಲೆಯನ್ನು ಪರಿವರ್ತನೆ ಮಾಡಿಸಿ ರೆಸಾರ್ಟ್‌ಗೆ ಕೊಡುವ ಮಾತು ಬಂತು ಎಂದಿಟ್ಟುಕೊಳ್ಳಿ. ತಾಲ್ಲೂಕು ಕಚೇರಿಯಲ್ಲಿ ವಂಶವೃಕ್ಷ ತೆಗೆಸಿ ಮೇಜಿನ ಮೇಲೆ ಹರಡಿದರೆ ಹೂಸ್ಟನ್, ಮೆಲ್ಬರ್ನ್, ಅಬುಧಾಬಿ ಎಲ್ಲ ಅದರಲ್ಲಿ ಇರುತ್ತವೆ. ಪ್ರತಿಯೊಬ್ಬರೂ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಒಬ್ಬರು ಒಲ್ಲೆ ಎಂದರೆ ಕಡತ ನಿಂತಿತು. ಎಲ್ಲರೂ ಹೂಂ ಎಂದರೆ ಬೆಟ್ಟದ ಆ ಮಗ್ಗುಲು ಜೆಸಿಬಿಗೆ ಹೋಯಿತು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು ರಾಜ್ಯ ಸರ್ಕಾರ 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಕೊಳ್ಳುವವರಿಗೆ ಕೊರತೆಯಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಈ ಸಹಿಯ ಬೆಲೆ ಗೊತ್ತು. ಸಾವಿರ ಜನ ಸಹಿ ಮಾಡಿದ ಮನವಿಗಿಂತ ಅಧಿಕಾರ ಪತ್ರದ ಮೇಲಿನ ಒಂದು ಸಹಿ ಜಿಲ್ಲೆಯ ಮುಂದಿನ ದಿನಗಳನ್ನು ಹೆಚ್ಚು ನಿರ್ಧರಿಸುತ್ತದೆ.

ವಾಟ್ಸ್‌ಆ್ಯಪ್ ಗುಂಪಿನ ಪ್ರಭಾವವನ್ನು ಕಡೆಗಣಿಸಬೇಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳಲ್ಲಿ ಗೆಲುವಿನ ಅಂತರ ಐದು ಸಾವಿರದ ಒಳಗಿತ್ತು. ಮನೆಯ ಖರ್ಚಿಗೂ ಔಷಧಿಗೂ ಹಣ ಕಳುಹಿಸುವ ಮಗ 'ಅಪ್ಪಾ, ಈ ಸಲ ಇವರಿಗೆ ಹಾಕಿ' ಎಂದರೆ ತಂದೆ ತಾಯಿ ಕೇಳಿಸಿಕೊಳ್ಳುತ್ತಾರೆ. ಇದನ್ನು ಯಾರೂ ಅಳೆದಿಲ್ಲ, ಅಳೆಯುವುದೂ ಸುಲಭವಲ್ಲ. ಆದರೆ ಇಷ್ಟು ಕಿರಿದಾದ ಅಂತರದ ಕ್ಷೇತ್ರಗಳಲ್ಲಿ ಅದು ಲೆಕ್ಕಕ್ಕೆ ಬಾರದ ಮಾತಲ್ಲ.

ಹಣದ ಪ್ರಶ್ನೆಗೆ ಉತ್ತರ ಚುಟುಕು. ಮಗಳು ಇಲ್ಲಿನ ಯಾವ ಅಭ್ಯರ್ಥಿಗೂ ಪಕ್ಷಕ್ಕೂ ಒಂದು ರೂಪಾಯಿ ಕೊಡುವಂತಿಲ್ಲ; ವಿದೇಶಿ ಪ್ರಜೆಯ ಹಣ ವಿದೇಶಿ ದೇಣಿಗೆ, ಅದನ್ನು ರಾಜಕೀಯ ಪಕ್ಷಗಳು ಪಡೆಯುವುದು ನಿಷಿದ್ಧ. ಪ್ರವಾಹ ಪರಿಹಾರಕ್ಕೆಂದು ಊರಿನ ಸಂಘಕ್ಕೆ ಕೊಡುವುದಾದರೂ ಆ ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿ ನೋಂದಣಿ ಇರಬೇಕು. ನಿಮಗೆ, ಅಂದರೆ ಹತ್ತಿರದ ಸಂಬಂಧಿಗೆ, ಕಳುಹಿಸಲು ಅಡ್ಡಿಯಿಲ್ಲ. ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದರೆ ಸರ್ಕಾರಕ್ಕೆ ತಿಳಿಸಬೇಕು. ಮಗ ಭಾರತದ ಪ್ರಜೆಯಾದ್ದರಿಂದ ಅವರ ಉಳಿತಾಯದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಏನೇ ಕೊಟ್ಟರೂ ಬ್ಯಾಂಕಿನ ಮೂಲಕ, ರಸೀದಿ ಸಮೇತ ಕೊಡಲಿ. ಅಮೆರಿಕದ ಚುನಾವಣೆಗೆ ಮಗಳು ಕೊಡಬಹುದು. ವಿದ್ಯಾರ್ಥಿ ವೀಸಾ, ಕೆಲಸದ ವೀಸಾದ ಮೇಲೆ ಇರುವ ಬಂಧುಗಳು ಕೊಟ್ಟರೆ ಅಲ್ಲಿ ಅಪರಾಧ.

ಊರಿನಲ್ಲಿ ಇಲ್ಲದವರು ಮಾತಾಡುವುದು ಸರಿಯೇ ಎಂದು ಕೇಳಿದ್ದೀರಿ. ಮಾತಾಡಲಿ. 1913ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮರದ ಮಿಲ್ಲುಗಳಲ್ಲಿ ಕೂಲಿ ಮಾಡುತ್ತಿದ್ದ ಪಂಜಾಬಿಗಳು ಭಾರತದ ಸ್ವಾತಂತ್ರ್ಯಕ್ಕಾಗಿ ಗದರ್ ಪಕ್ಷ ಕಟ್ಟಿದರು. ಮರುವರ್ಷ ಭಾರತೀಯ ವಲಸಿಗರನ್ನು ಹೊತ್ತ ಕೊಮಗಾಟ ಮಾರು ಹಡಗಿನ 376 ಪ್ರಯಾಣಿಕರಲ್ಲಿ ಹೆಚ್ಚಿನವರನ್ನು ಕೆನಡಾದ ವ್ಯಾಂಕೂವರ್ ಬಂದರಿನಿಂದ ಹಿಂದಕ್ಕೆ ಅಟ್ಟಿದಾಗ ಅವರ ಸಿಟ್ಟು ಇನ್ನೂ ಹೆಚ್ಚಿತು. ಸಾವಿರಾರು ಮಂದಿ ಹಡಗು ಹತ್ತಿ ದೇಶಕ್ಕೆ ಮರಳಿದರು, ಹಲವರು ನೇಣಿಗೇರಿದರು. ಅವರು ಆಡಿದ ಮಾತಿಗೆ ತಾವೇ ಬೆಲೆ ತೆತ್ತರು. ಅದೇ ಕೆನಡಾದಲ್ಲಿ ಮುಂದೆ ಖಾಲಿಸ್ತಾನದ ಹೆಸರಿನಲ್ಲಿ ನಡೆದದ್ದೇ ಬೇರೆ. 1985ರ ಜೂನ್ 23ರಂದು ಏರ್ ಇಂಡಿಯಾ ವಿಮಾನದಲ್ಲಿ ಇಟ್ಟ ಬಾಂಬಿಗೆ 329 ಜನ ಬಲಿಯಾದರು. ಪಂಜಾಬಿನ ಹಳ್ಳಿಗಳಲ್ಲಿ ಆ ಬೇಡಿಕೆ ತಣ್ಣಗಾದ ಎಷ್ಟೋ ವರ್ಷಗಳ ನಂತರವೂ ಹೊರದೇಶದಲ್ಲಿ ಅದು ಉರಿಯುತ್ತಲೇ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಕೆನಡಾದ ಸಂಬಂಧ ಹಳಸಿದಾಗ ವೀಸಾ ನಿಂತು ಪರದಾಡಿದವರು ಯಾವ ಚಳವಳಿಗೂ ಸೇರದ ಸಾಮಾನ್ಯ ಕುಟುಂಬಗಳು. ದೂರದಲ್ಲಿದ್ದವರ ಮಾತು ಕಟುವಾಗುವುದು ಸುಲಭ, ಏಕೆಂದರೆ ಪರಿಣಾಮ ಅವರ ಮನೆ ಬಾಗಿಲಿಗೆ ಬರುವುದಿಲ್ಲ.

ಕೊಡಗಿನಲ್ಲಿ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಚರ್ಚೆ ಬಂದಾಗಲೆಲ್ಲ ಇದೇ ಕಾಣುತ್ತದೆ. ಹೊರಗಿರುವವರಿಗೆ ಕಾಡು ಉಳಿಯಬೇಕು ಎಂಬ ಕಾಳಜಿ ಪ್ರಾಮಾಣಿಕವಾದದ್ದು, ನನಗೂ ಅದೇ ಕಾಳಜಿಯಿದೆ. ಆದರೆ ರಾತ್ರಿ ಕಾಫಿ ತೋಟದೊಳಗೆ ಆನೆ ನುಗ್ಗಿದಾಗ ಎದ್ದು ಹೋಗುವವರು ಇಲ್ಲಿನವರು; ಬೆಳಗ್ಗೆ ಹಣ್ಣು ಕೊಯ್ಯಲು ಆ ತೋಟಕ್ಕೇ ಇಳಿಯಬೇಕಾದವರು ಕಾರ್ಮಿಕರು. ಆ ಕಾರ್ಮಿಕರಲ್ಲಿ ಈಗ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದವರೇ ಅನೇಕರು. ಅವರೂ ಊರು ಬಿಟ್ಟು ಬಂದವರು, ಅವರ ಮತ ಊರಿನಲ್ಲೇ ಉಳಿದಿದೆ. ಬೇರೆ ರಾಜ್ಯದಲ್ಲಿ ಇದ್ದುಕೊಂಡೇ ಊರಿನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಒಪ್ಪಲಿಲ್ಲ. ನಮ್ಮ ಮಕ್ಕಳಿಗೆ ದುಬೈಯಿಂದ ಮತ ಹಾಕುವ ಸೌಲಭ್ಯ ಕೇಳುವಾಗ ನಮ್ಮ ತೋಟದ ಲೈನ್ ಮನೆಗಳಲ್ಲಿ ಇರುವ ಕಾರ್ಮಿಕರ ಮತವನ್ನೂ ಸೇರಿಸಿ ಕೇಳೋಣ.

ಇಷ್ಟರ ಮೇಲೆ ನಿಮ್ಮ ಇಬ್ಬರು ಮಕ್ಕಳಿಗೆ ನೀವು ಹೇಳಬಹುದಾದದ್ದು: ಮಗಳು ಕೊಡಗಿನ ಬಗ್ಗೆ ಯಾರಿಗಾದರೂ ಬರೆಯುವುದಾದರೆ ಮೊದಲು ತಮ್ಮ ಕ್ಷೇತ್ರದ ಪ್ರತಿನಿಧಿಗೆ, ಅಮೆರಿಕದ ಕೈಯಲ್ಲಿರುವ ವಿಷಯಗಳ ಬಗ್ಗೆ ಬರೆಯಲಿ: ಕಾಫಿಯ ಮೇಲಿನ ಸುಂಕ, ವೀಸಾ. ಅಧಿಕಾರ ಪತ್ರಕ್ಕೆ ಸಹಿ ಹಾಕುವ ಮೊದಲು ನಿಮ್ಮನ್ನು ಕೇಳಿ ಜಾಗದ ನಕ್ಷೆ ತರಿಸಿಕೊಂಡು ನೋಡಲಿ. ಮಗ ಆಯೋಗದ ಮತದಾರರ ಜಾಲತಾಣದಲ್ಲಿ ನಮೂನೆ 6ಎ ತುಂಬಲಿ. ಅದಕ್ಕೆ ಭಾವಚಿತ್ರ, ಪಾಸ್‌ಪೋರ್ಟ್ ಮತ್ತು ಚಾಲ್ತಿಯಲ್ಲಿರುವ ವೀಸಾದ ಪ್ರತಿ ಬೇಕು. ಪಾಸ್‌ಪೋರ್ಟ್‌ನಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ವಿಳಾಸ ಇದ್ದರೆ ಹೆಸರು ಬೆಂಗಳೂರಿನ ಕ್ಷೇತ್ರಕ್ಕೆ ಹೋಗುತ್ತದೆ. ಊರಿನಲ್ಲೇ ಬೇಕೆಂದಾದರೆ ಮೊದಲು ಪಾಸ್‌ಪೋರ್ಟ್‌ನ ವಿಳಾಸ ಬದಲಾಗಬೇಕು. ಹಳೆಯ ಸಾಮಾನ್ಯ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಉಳಿದಿದ್ದರೆ ಅದನ್ನು ತೆಗೆಸಿ. ಅರ್ಜಿ ಹಾಕಿದ ಮೇಲೆ ಮತಗಟ್ಟೆ ಅಧಿಕಾರಿ ಪರಿಶೀಲನೆಗೆಂದು ನಿಮ್ಮ ಮನೆಗೇ ಬರುತ್ತಾರೆ. ದಾಖಲೆಗಳು ಸರಿಯಾಗಿವೆ ಎಂದು ಮನೆಯವರು ಬರೆದುಕೊಡಬೇಕಾಗುತ್ತದೆ, ಆದ್ದರಿಂದ ಅವುಗಳ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.